ಕಾಳಿನ ಖೋಲಿ

ಕುಲಕರ್ಣಿಯವರ ಮೊಮ್ಮಗ ವಾಮನ ಬಾಲವಾಡಿಗೆ ಬಂದ ಮೊದಲ ದಿನವೇ ಮೂರು ಮಕ್ಕಳನ್ನು ಕಚ್ಚಿದ. ಆಗ ಅವನಿಗೆ ಮೂರು ವರ್ಷ ನಾಲ್ಕು ತಿಂಗಳು.

ಚೌಡಾಪುರದಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಬನ್ನಿವಾಡಿ. 1987ರ ಹೊತ್ತಿಗೆ ಅಲ್ಲಿ ಅಂಗನವಾಡಿ ಶುರುವಾಗಿ ಎರಡು ವರ್ಷವಾಗಿತ್ತು. ಊರವರ ಬಾಯಲ್ಲಿ ಅದು ಬಾಲವಾಡಿ. ಹಳೇ ಚಾವಡಿಯ ಎರಡು ಖೋಲಿಗಳೇ ಅದರ ಜಾಗ. ದೊಡ್ಡದರಲ್ಲಿ ಮಕ್ಕಳು ಕೂಡುತ್ತಿದ್ದರು. ಸಣ್ಣದರಲ್ಲಿ ಗೋಧಿ ರವೆಯ ಚೀಲ, ಹೆಸರುಕಾಳು, ಎಣ್ಣೆ ಡಬ್ಬಿ. ಕಿಟಕಿಯಿಲ್ಲದ ಆ ಸಣ್ಣದಕ್ಕೆ ಎಲ್ಲರೂ ಕಾಳಿನ ಖೋಲಿ ಅನ್ನುತ್ತಿದ್ದರು.

ಟೀಚರ್ ಕಸ್ತೂರಿಬಾಯಿ ಅದೇ ಊರಿನ ಕೆಳಗಿನ ಓಣಿಯವಳು, ಬೌದ್ಧಧರ್ಮಕ್ಕೆ ಸೇರಿದ ದಲಿತರ ಮನೆಯ ಮಗಳು. ಗುಲ್ಬರ್ಗಾದ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಆಗ ಇಪ್ಪತ್ತಾರು ವರ್ಷ. ಅಡಿಗೆ ಮಾಡುವ ಆಯಾ ಮಾಣಿಕಮ್ಮನಿಗೆ ಐವತ್ತು ದಾಟಿತ್ತು. ಯಾವುದಕ್ಕೂ ಗಾಬರಿಯಾಗದ ಹೆಂಗಸು.

ಮೇಲಿನ ಓಣಿಯ ಮಕ್ಕಳು ಬಾಲವಾಡಿಗೆ ಬರುತ್ತಿರಲಿಲ್ಲ. ವಾಮನ ಬಂದದ್ದು ಮನೆಯಲ್ಲಿ ಬೇರೆ ದಾರಿಯಿಲ್ಲದೆ. ಅವನ ತಾಯಿ ಪ್ರಮಿಲಾ ಎರಡು ತಿಂಗಳ ಬಾಣಂತಿ. ಹೆಣ್ಣುಕೂಸನ್ನು ಅವನು ಚಿವುಟುತ್ತಿದ್ದ. ಅಜ್ಜಿ ಉಮಾಬಾಯಿಗೆ ಅವನ ಹಿಂದೆ ಓಡುವ ತ್ರಾಣ ಇರಲಿಲ್ಲ. ತಂದೆ ಅನಂತ ಅಫಜಲಪುರದಲ್ಲಿ ಗುಮಾಸ್ತ, ಶನಿವಾರ ಬಂದು ಸೋಮವಾರ ಹೋಗುವವನು. ಒಂದು ಶನಿವಾರ ಅವನೇ ಹೇಳಿದ: "ಮಧ್ಯಾಹ್ನದ ತನಕ ಬಾಲವಾಡಿಗೆ ಕಳಸ್ರಿ."

ಉಮಾಬಾಯಿ ಹೊಸ್ತಿಲ ಹೊರಗೇ ನಿಂತು ಷರತ್ತು ಹೇಳಿದಳು. ಕೈಯಲ್ಲಿ ಸಣ್ಣದೊಂದು ಚಾಪೆ, ಹಿತ್ತಾಳೆ ಲೋಟ.

"ಇವನ ಚಾಪಿ ಬ್ಯಾರೆ. ನೀರು ಮನಿದು. ನಿಮ್ಮ ಉಪ್ಪಿಟ್ಟು ಇವನ ಬಾಯಿಗೆ ಹೋಗಬಾರದು. ಮತ್ತ ನೀ ಇವನ್ನ ಮುಟ್ಟಬ್ಯಾಡ."

"ಮೂರು ವರ್ಷದ ಕೂಸಿಗೆ ಮುಟ್ಟದ ಹ್ಯಾಂಗ ನೋಡ್ಕೋಬೇಕ್ರಿ ಬಾಯಾರ? ಮೂಗು ಸುರದರ?"

"ಸುರೀಲಿ," ಅಂದಳು ಉಮಾಬಾಯಿ. "ಮನಿಗೆ ಬಂದಮ್ಯಾಲ ಒರಸ್ತೀವಿ."

ವಾಮನ ಚಾಪೆಯ ನಡುವೆ ಕೂತ. ಯಾರ ಕಾಲು ಚಾಪೆಗೆ ತಾಗಿದರೂ ಸಾಕು, "ದೂರ ಸರಿ! ಮುಟ್ಟಬ್ಯಾಡ!" ಅಂತ ಕಿರುಚುತ್ತಿದ್ದ. ಧ್ವನಿ ಚಿಕ್ಕದು, ಗತ್ತು ಮಾತ್ರ ಅಜ್ಜಿಯದೇ. ಆಮೇಲೆ ತಳ್ಳುತ್ತಿದ್ದ. ತಳ್ಳಿದರೂ ಹೋಗದಿದ್ದರೆ ಕಚ್ಚುತ್ತಿದ್ದ.

ಕಸ್ತೂರಿ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಮಾಡಿ ನೋಡಿದಳು. ಹಾಡು ಹೇಳಿದಳು, ಬಣ್ಣದ ಮರದ ತುಂಡು ಕೊಟ್ಟಳು, ತನ್ನ ಪಕ್ಕ ಕೂಡಿಸಿಕೊಂಡಳು. ಪಕ್ಕ ಕೂಡಿಸಿಕೊಂಡಾಗ ಅವನು ಅವಳ ಸೀರೆಯ ಮೇಲೆ ಉಗುಳಿದ. ಮಕ್ಕಳು ನಕ್ಕರು. ಕಸ್ತೂರಿಗೆ ನಗು ಬರಲಿಲ್ಲ. ಏಳು ವರ್ಷದವಳಿದ್ದಾಗ ಬಾವಿಯ ಕಟ್ಟೆಯ ಕೆಳಗೆ ಕೊಡ ಹಿಡಿದು ನಿಂತ ಅವಳಿಗೆ ಮೇಲಿನ ಓಣಿಯವರು 'ದೂರ ಸರಿ, ಮುಟ್ಟಬ್ಯಾಡ' ಅನ್ನುವ ಇದೇ ಎರಡು ಮಾತು ಹೇಳಿ ಮೇಲಿನಿಂದ ನೀರು ಸುರಿದಿದ್ದರು. ಅರ್ಧ ಕೊಡದೊಳಗೆ, ಅರ್ಧ ತಲೆಯ ಮೇಲೆ. ಈ ಹುಡುಗ ಬಾಯಿ ತೆರೆದಾಗಲೆಲ್ಲ ಅವಳಿಗೆ ಆ ಬಾವಿಕಟ್ಟೆ ನೆನಪಾಗುತ್ತಿತ್ತು. ಹಾಲುಹಲ್ಲಿನ ಕೂಸನ್ನು ತಾನು ದ್ವೇಷಿಸುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಹದಿನೈದನೇ ದಿನ ಮಲ್ಕಿಯ ಸರದಿ ಬಂತು. ಮಲ್ಕಿ ಕಲ್ಲು ಒಡೆಯುವ ದೇವೀಂದ್ರಪ್ಪನ ಮಗಳು, ನಾಲ್ಕು ವರ್ಷದವಳು. ಡಬ್ಬಿಯ ಮುಚ್ಚಳವನ್ನು ಗಾಲಿಯಂತೆ ಉರುಳಿಸಿ ಆಡುತ್ತಿದ್ದಳು. ಅದು ಉರುಳಿ ಚಾಪೆಯ ಮೇಲೆ ಹೋಯಿತು. ತೆಗೆದುಕೊಳ್ಳಲು ಬಗ್ಗಿದವಳ ಗಲ್ಲಕ್ಕೆ ವಾಮನ ಬಾಯಿ ಹಾಕಿದ. ಕಸ್ತೂರಿ ಬಿಡಿಸುವಷ್ಟರಲ್ಲಿ ರಕ್ತ ಕುತ್ತಿಗೆಗೆ ಇಳಿದಿತ್ತು.

ದೇವೀಂದ್ರಪ್ಪ ಕೆಲಸ ಬಿಟ್ಟು ಸುತ್ತಿಗೆ ಕೈಯಲ್ಲಿ ಹಿಡಿದೇ ಬಂದ.

"ಎಲ್ಲಿ ಹಾನ ಆ ಕುಲಕರ್ಣಿ ಮರಿ?"

"ಮನಿಗೆ ಕಳಸೇನಿ ಅಣ್ಣಾ. ಮೊದಲ ಮಲ್ಕಿಗೆ ಚೌಡಾಪುರದ ದವಾಖಾನಿಗೆ ಒಯ್ಯೂಣು, ಬಾ."

"ನೀ ನಮ್ಮಾಕಿ ಅಂತ ಮಕ್ಕಳಿಗೆ ಇಲ್ಲಿ ಕಳಸ್ತೀವಿ, ತಂಗಿ. ನೀ ಅವರ ಕೂಸಿನ ಕಾವಲಿಗೆ ಕುಂತೀಯೇನು? ನಾಳಿಂದ ಅಂವರ ಇರಬೇಕು, ಇಲ್ಲಾ ನಮ್ಮ ಮಕ್ಕಳರ ಇರಬೇಕು. ಎರಡರಾಗ ಒಂದು."

ಅವನು ಅಲ್ಲಿಂದ ನೇರ ಕುಲಕರ್ಣಿಯವರ ಮನೆಯ ಮುಂದೆ ಹೋಗಿ ನಿಂತು ಕೂಗಾಡಿದ. ಉಮಾಬಾಯಿ ಕಿಟಕಿಯಿಂದಲೇ ಉತ್ತರ ಕೊಟ್ಟಳು: "ನಿನ್ನ ಮಗಳು ನಮ್ಮ ಚಾಪಿ ತುಳದರ ಅಂವ ಕಚ್ಚದ ಮುದ್ದು ಕೊಡಬೇಕೇನು?"

ಆ ಮಾತು ಸಂಜೆಯೊಳಗೆ ಊರೆಲ್ಲ ತಿರುಗಿತು. ಕಸ್ತೂರಿಯೇ ಮಲ್ಕಿಯನ್ನು ದವಾಖಾನೆಗೆ ಒಯ್ದಳು, ಗಲ್ಲಕ್ಕೆ ಎರಡು ಹೊಲಿಗೆ ಬಿದ್ದವು.

ಮರುದಿನ ಕೆಳಗಿನ ಓಣಿಯಿಂದ ಆರೇ ಮಕ್ಕಳು ಬಂದವು. ವಾಮನನೂ ಬಂದ. ಉಮಾಬಾಯಿ ಹಟಕ್ಕೆ ಬಿದ್ದವಳಂತೆ ಅವನನ್ನು ತಂದು ಬಿಟ್ಟು ಹೋದಳು. ಹತ್ತು ನಿಮಿಷವೂ ಆಗಿರಲಿಲ್ಲ. ಪಕ್ಕದ ಹುಡುಗನ ಬೆರಳು ಚಾಪೆಗೆ ತಾಗಿತು, ವಾಮನ ಮೇಲೆ ಬಿದ್ದ. ಕಸ್ತೂರಿ ಹಿಡಿದು ಎಳೆದಳು. "ಮುಟ್ಟಬ್ಯಾಡ!" ಅಂತ ಒದರಿ ಅವನು ಅವಳ ಮುಂಗೈಯನ್ನೇ ಕಚ್ಚಿದ.

ಅವಳು ಅವನನ್ನು ಎತ್ತಿಕೊಂಡು ಹೋಗಿ ಕಾಳಿನ ಖೋಲಿಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕಿದಳು.

ಒಳಗಿನಿಂದ ಕೂಗು ಬಂತು. ಬಾಗಿಲು ಬಡಿಯುವ ಸಪ್ಪಳ ಬಂತು. ಮಾಣಿಕಮ್ಮ ಒಲೆಯ ಮುಂದಿನಿಂದ ಏಳದೆ ಹೇಳಿದಳು: "ಬಿಡ್ರಿ ಟೀಚರ್, ಕೂಡಲಿ ಅರ್ಧಾ ತಾಸು. ಬುದ್ಧಿ ಬರ್ತದ." ಕಸ್ತೂರಿ ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಒಂದರಿಂದ ಹತ್ತು ಎಣಿಸಲು ಹಚ್ಚಿದಳು. ಜೋರಾಗಿ ಎಣಿಸಿದಳು. ಒಳಗಿನ ಕೂಗಿಗಿಂತ ಜೋರಾಗಿ. ಕೈ ಉರಿಯುತ್ತಿತ್ತು, ಮನಸ್ಸಿಗೆ ಮಾತ್ರ ಏನೋ ಸಮಾಧಾನ. ಒಳಗಿನ ಸಪ್ಪಳ ನಿಂತ ಮೇಲೂ ಅವಳು ಎರಡು ಸಲ ಹತ್ತರ ತನಕ ಎಣಿಸಿದಳು.

ಬಾಗಿಲು ತೆರೆದಾಗ ವಾಮನ ಎರಡು ಚೀಲಗಳ ನಡುವೆ ಸೇರಿಕೊಂಡಿದ್ದ. ಚಡ್ಡಿ ಒದ್ದೆಯಾಗಿತ್ತು. ಎರಡೂ ಅಂಗೈಗಳಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದ. ಬೆಳಕು ಬಿದ್ದರೂ ಕೈ ತೆಗೆಯಲಿಲ್ಲ.

ಅವತ್ತಿನಿಂದ ಅವನು ಕಚ್ಚಲಿಲ್ಲ. ಮಾತೂ ಆಡಲಿಲ್ಲ.

ಚಾಪೆಯ ಮೇಲೆ ಸುಮ್ಮನೆ ಕೂಡುತ್ತಿದ್ದ. ಯಾರಾದರೂ ಹತ್ತಿರ ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಎಲ್ಲರಿಗೂ ಸಂತೋಷ. ಕೆಳಗಿನ ಓಣಿಯ ಮಕ್ಕಳು ಒಬ್ಬೊಬ್ಬರಾಗಿ ತಿರುಗಿ ಬಂದವು, ಹೊಲಿಗೆ ಹಾಕಿದ ಗಲ್ಲದ ಮಲ್ಕಿಯೂ ಬಂದಳು. "ಹುಡುಗ ಸುಧಾರಿಸ್ಯಾನ," ಅಂದಳು ಉಮಾಬಾಯಿ. ಕಸ್ತೂರಿಗಲ್ಲ, ಗಾಳಿಗೆ ಹೇಳಿದಂತೆ. ಅಫಜಲಪುರದಿಂದ ಬಂದ ಸೂಪರ್‌ವೈಜರ್ ಬಾಯಿ ಭೇಟಿ ಪುಸ್ತಕದಲ್ಲಿ 'ಮಕ್ಕಳಲ್ಲಿ ಶಿಸ್ತು ಚೆನ್ನಾಗಿದೆ' ಅಂತ ಬರೆದು ಸಹಿ ಹಾಕಿದಳು.

ಕಸ್ತೂರಿಗೆ ಊಟ ಸೇರದಂತಾಯಿತು. ಕಚ್ಚುವ ಹುಡುಗನನ್ನು ನೋಡಿದಾಗ ಸಿಟ್ಟು ಬರುತ್ತಿತ್ತು. ಈಗ ಬಾಯಿ ಮುಚ್ಚಿಕೊಂಡವನನ್ನು ನೋಡಲೇ ಆಗುತ್ತಿರಲಿಲ್ಲ. ಐದನೇ ದಿನ ಬೆಳಿಗ್ಗೆ, ಬಾಲವಾಡಿ ತೆರೆಯುವ ಮೊದಲು, ಅವಳು ಕುಲಕರ್ಣಿಯವರ ಮನೆಗೆ ಹೋದಳು.

ಅಂಗಳದ ಗೇಟು ದಾಟಿ ನಿಂತಳು. ಅಲ್ಲಿಂದ ಮುಂದೆ ಹೋಗುವ ರೂಢಿ ಅವಳಿಗಾಗಲಿ ಆ ಮನೆಗಾಗಲಿ ಇರಲಿಲ್ಲ. ಉಮಾಬಾಯಿ ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲಿ ಮಡಿನೀರಿನ ತಂಬಿಗೆ ಹಿಡಿದು ಬಾವಿಕಡೆಯಿಂದ ಬರುತ್ತಿದ್ದಳು. ವಾಮನ ಅವಳ ಕಡೆ ಓಡಿದ.

"ದೂರ ಸರಿ! ಮುಟ್ಟಬ್ಯಾಡ!"

ಹುಡುಗ ನಿಂತ. ತಿರುಗಿ ಬಾಣಂತಿ ಖೋಲಿಯ ಬಾಗಿಲಿಗೆ ಹೋದ. ಒಳಗೆ ಪ್ರಮಿಲಾ ಕೂಸಿಗೆ ಹಾಲು ಕುಡಿಸುತ್ತಿದ್ದಳು.

"ಅಲ್ಲಿ ಹೋಗಬ್ಯಾಡ ಅಂತ ಎಷ್ಟು ಸಲ ಹೇಳಬೇಕು? ಕೂಸಿಗೆ ಮುಟ್ಟಬ್ಯಾಡ, ಸರಿ ಅತ್ತ!" ಅಂತ ಉಮಾಬಾಯಿ ಹಿಂದಿನಿಂದ ಒದರಿದಳು.

ಹುಡುಗ ಅಂಗಳಕ್ಕೆ ಬಂದ. ಕಸ್ತೂರಿಯನ್ನು ಕಂಡ. ಅವನ ಕೈ ಬಾಯಿಗೆ ಹೋಯಿತು. ಅವಳು ನಿಂತ ಜಾಗದಿಂದ ಮೂರು ಮೊಳ ದೂರದಲ್ಲಿ, ಅದೇ ಅಂಗಳದಲ್ಲಿ, ಅವನೂ ನಿಂತಿದ್ದ.

ಕಸ್ತೂರಿ ತನ್ನ ಬಾವಿಕಟ್ಟೆಯ ಲೆಕ್ಕದಲ್ಲೇ ಅವನ ಮಾತನ್ನು ಕೇಳಿದ್ದಳು. ಬೆಳಗಿನಿಂದ ಸಂಜೆಯ ತನಕ ಅದನ್ನು ಕೇಳಿಸಿಕೊಳ್ಳುವವನೂ ಅವನೇ ಅನ್ನುವುದು ಅವಳಿಗೆ ಹೊಳೆದಿರಲಿಲ್ಲ.

ಉಮಾಬಾಯಿ ದೇವರ ಮನೆಗೆ ಹೋದ ಮೇಲೆ ಅವಳು ಪ್ರಮಿಲಾಳನ್ನು ಕರೆದಳು. ಪ್ರಮಿಲಾ ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲಿಗೆ ಬಂದಳು.

"ಬಾಯಾರ, ನಾ ಒಂದು ತಪ್ಪು ಮಾಡೇನ್ರಿ. ಐದು ದಿನದ ಹಿಂದ ವಾಮನನ್ನ ಕಾಳಿನ ಖೋಲ್ಯಾಗ ಹಾಕಿ ಚಿಲಕ ಹಾಕಿದ್ದೆ. ಅವತ್ತಿಂದ ಅಂವ ಮಾತಾಡವಲ್ಲ."

ಪ್ರಮಿಲಾ ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದೆ ಬಂದಳು. "ನನ್ನ ಮಗನ ಬಾಯಿ ಹೋತು ಅಂತ ಐದು ದಿನದಿಂದ ಅಳಾಕತ್ತೇನಿ," ಅಂದಳು. "ಯಾರ ದೃಷ್ಟಿ ಬಿತ್ತೋ ಅಂತ ಉಪ್ಪು ನಿವಾಳಿಸಾಕತ್ತೇನಿ. ನೀ ಮಾಡಿದ್ಯಾ? ನಿನ್ನ ಕೈ ಬಿದ್ದು ಹೋಗ್ಲಿ!"

"ಬೈರಿ. ಎಷ್ಟು ಬೇಕಾದರೂ ಬೈರಿ. ಆದರ ಇವತ್ತೊಂದು ತಾಸು ಅವನ್ನ ತೊಡಿ ಮ್ಯಾಲ ಕೂಡಿಸ್ಕೋರಿ. ಎರಡು ತಿಂಗಳಿಂದ ಯಾರೂ ಅವನ್ನ ಹತ್ತಿರ ಬಿಟ್ಟುಕೊಂಡಿಲ್ಲ."

"ನನಗ ಬುದ್ಧಿ ಹೇಳಾಕ ಬಂದ್ಯಾ? ನೀನು?"

ಮಾತು ಏರಿದ್ದು ಕೇಳಿ ಉಮಾಬಾಯಿ ಹೊರಗೆ ಬಂದಳು. ವಿಷಯ ತಿಳಿದದ್ದೇ ತಡ, ತಂಬಿಗೆಯನ್ನು ಕಸ್ತೂರಿಯ ಕಾಲ ಬಳಿ ಎಸೆದಳು.

"ಕುಲಕರ್ಣಿ ಮನಿ ಮೊಮ್ಮಗನ್ನ ಕತ್ತಲಿ ಖೋಲ್ಯಾಗ ಹಾಕ್ತೀ? ಮುಟ್ಟಬ್ಯಾಡ ಅಂದ್ರ ಎತ್ತಿ ಒಯ್ತೀ? ನಿನ್ನ ನೌಕರಿ ಕಳೀದಿದ್ದರ ನನ್ನ ಹೆಸರು ಉಮಾಬಾಯಿ ಅಲ್ಲ. ನಡಿ ಹೊರಗ!"

ಅನಂತ ಅದೇ ಶನಿವಾರ ಅವಳನ್ನು ತೆಗೆಯಬೇಕೆಂದು ಅಫಜಲಪುರದ ಕಚೇರಿಗೆ ಅರ್ಜಿ ಬರೆದು ಕಳಿಸಿದ. ವಾಮನನನ್ನು ಬಾಲವಾಡಿಯಿಂದ ಬಿಡಿಸಿದರು.

ಮುಂದಿನ ಬುಧವಾರ, ಹಾಡು ನಡೆಯುತ್ತಿದ್ದಾಗ, ಬಾಗಿಲಲ್ಲಿ ಪ್ರಮಿಲಾ ಕಾಣಿಸಿದಳು. ಬಗಲಲ್ಲಿ ಕೂಸು, ಕೈಯಲ್ಲಿ ವಾಮನ. ಮೂರು ತಿಂಗಳು ತುಂಬದ ಬಾಣಂತಿ ಹಗಲಲ್ಲಿ ಬೀದಿ ದಾಟಿ ಬಂದದ್ದನ್ನು ನೋಡಲು ನಾಲ್ಕು ಮನೆಯ ಕಿಟಕಿಗಳು ತೆರೆದಿದ್ದವು.

"ಎರಡು ದಿನ ತೊಡಿ ಮ್ಯಾಲ ಕೂಡಿಸ್ಕೊಂಡೆ," ಅಂದಳು. "ರಾತ್ರಿ ಬಾಯಿ ಮ್ಯಾಲಿಂದ ಕೈ ತೆಗೀತಾನ. ಹಗಲಿಗೆ ಮತ್ತ ಅದೇ. ನೀ ಕೆಡಿಸಿದ್ದು, ನೀನೇ ರಿಪೇರಿ ಮಾಡು. ನಿನ್ನ ಮ್ಯಾಲ ನನಗ ನಂಬಿಕಿ ಇಲ್ಲ. ಅದಕ್ಕ ನಾನೂ ಇಲ್ಲೇ ಕೂಡ್ತೇನಿ."

ಅವಳು ಗೋಡೆಗೆ ಆತು ಕೂತಳು. ಮಧ್ಯಾಹ್ನದ ತನಕ ಕಸ್ತೂರಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಮರುದಿನವೂ ಬಂದಳು. ದಿನಾ ಬಂದಳು. ಕಸ್ತೂರಿ ಕೊಟ್ಟ ನೀರು ಕುಡಿಯಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.

ಆ ಕಣ್ಣಿನ ಎದುರೇ ಕಸ್ತೂರಿ ಕೆಲಸ ಶುರು ಮಾಡಿದಳು. ಮೊದಲ ದಿನ ಕಾಳಿನ ಖೋಲಿಯ ಚಿಲಕ ಕೀಳಿಸಿದಳು. ವಾಮನನ ಎದುರು ನೆಲದ ಮೇಲೆ ಕೂತು ಹೇಳಿದಳು: "ನಿನ್ನ ಒಳಗ ಹಾಕಿದ್ದು ನನ್ನ ತಪ್ಪು. ಇನ್ನ ಹಾಕಂಗಿಲ್ಲ." ಮಾಣಿಕಮ್ಮ ಒಲೆಯ ಬಳಿಯಿಂದ, "ಕೂಸಿನ ಕಡೆ ಮಾಫಿ ಕೇಳೋ ಟೀಚರ್‌ಗೆ ಇವತ್ತೇ ನೋಡಿದೆ," ಅಂತ ನಕ್ಕಳು. ಹುಡುಗ ನಗಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ಚಾಪೆಯನ್ನು ಕಸ್ತೂರಿ ಕಸಿಯಲಿಲ್ಲ. ಎಲ್ಲ ಮಕ್ಕಳಿಗೂ ಒಂದು ಹೊಸ ಪದ್ಧತಿ ಹಚ್ಚಿದಳು. ಇನ್ನೊಬ್ಬರ ಜಾಗಕ್ಕೆ ಹೋಗುವ ಮೊದಲು "ಬರ್ಲಿ?" ಅಂತ ಕೇಳಬೇಕು. "ಬಾ" ಅಂದರೆ ಹೋಗಬೇಕು. "ಬ್ಯಾಡ" ಅಂದರೆ ಹೋಗಬಾರದು. ಯಾರೂ ಯಾರನ್ನೂ ತಳ್ಳುವಂತಿಲ್ಲ. ಬಾಯಿ ಇರುವುದು ಹೇಳಲಿಕ್ಕೆ. ಮಕ್ಕಳಿಗೆ ಅದೊಂದು ಆಟವಾಯಿತು. ದಿನವಿಡೀ "ಬರ್ಲಿ? ಬಾ. ಬರ್ಲಿ? ಬ್ಯಾಡ." ಕೇಳಿ ಕೇಳಿ ಮಾಣಿಕಮ್ಮನಿಗೆ ತಲೆನೋವು ಬಂತು.

ವಾಮನನನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಅವನ ಭಯ. ನಾಲ್ಕನೇ ದಿನ ಮಲ್ಕಿಯೇ ಹೋಗಿ ಚಾಪೆಯ ಅಂಚಿಗೆ ನಿಂತಳು. ಗಲ್ಲದ ಮೇಲೆ ಹೊಲಿಗೆಯ ಗುರುತು ಕೆಂಪಗಿತ್ತು.

"ಬರ್ಲಿ?"

ಹುಡುಗ ಅವಳ ಗಲ್ಲ ನೋಡಿದ. ತಾಯಿಯನ್ನು ನೋಡಿದ. ಕೈ ಸ್ವಲ್ಪ ಸರಿಯಿತು.

"ಬ್ಯಾಡ," ಅಂದ.

ಹನ್ನೆರಡು ದಿನದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಪ್ರಮಿಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

"ಬ್ಯಾಡ ಅಂದಾನ ಮಲ್ಕಿ," ಅಂದಳು ಕಸ್ತೂರಿ. "ಹೋಗಬ್ಯಾಡ. ಈ ಕಡಿ ಬಾ."

ಮಲ್ಕಿ ಬಂದಳು. ಮುಂದಿನ ಎಂಟು ದಿನ ಅವಳು ದಿನಕ್ಕೊಮ್ಮೆ ಕೇಳಿದಳು, ಅವನು ದಿನಕ್ಕೊಮ್ಮೆ ಬ್ಯಾಡ ಅಂದ. ಒಂಬತ್ತನೇ ದಿನ ಅವನೇ ಚಾಪೆಯಿಂದ ಎದ್ದು ಮಲ್ಕಿಯ ಹತ್ತಿರ ಬಂದ. ಅವಳು ಬೀಜ ಜೋಡಿಸುತ್ತಿದ್ದಳು.

"ಬರ್ಲಿ?" ಅಂದ.

ಮಲ್ಕಿ ತಲೆ ಎತ್ತಲಿಲ್ಲ. "ಬ್ಯಾಡ."

ವಾಮನನ ಮುಖ ಕೆಂಪಾಯಿತು. ಬಾಯಿ ತೆರೆಯಿತು. ಅವನು ಬಗ್ಗಿದ. ಪ್ರಮಿಲಾ ಅರ್ಧ ಎದ್ದಳು. ಕಸ್ತೂರಿ ಮೊಣಕಾಲೂರಿ ಅವನ ಪಕ್ಕಕ್ಕೆ ಬಂದು, ಹಿಡಿಯದೆ, ಎರಡು ಕೈ ಮಾತ್ರ ಚಾಚಿದಳು. "ಸಿಟ್ಟು ಬಂತಲ್ಲಾ? ಬಾಯಿಲೆ ಹೇಳು."

ಹುಡುಗ ಅಲ್ಲೇ ನಿಂತ. "ನಂಗ... ನಂಗ ಬೀಜ ಬೇಕು!" ಅಂತ ಒದರಿ ಅಳಲು ಶುರು ಮಾಡಿದ. ಅಳುತ್ತಲೇ ಕಸ್ತೂರಿಯ ಹೆಗಲಿಗೆ ಮುಖ ಒತ್ತಿದ. ಸುರಿಯುತ್ತಿದ್ದ ಅವನ ಮೂಗನ್ನು ಅವಳು ತನ್ನ ಸೆರಗಿನಿಂದ ಒರಸಿದಳು. ಪ್ರಮಿಲಾ ನೋಡಿದಳು. ಮತ್ತೆ ಗೋಡೆಗೆ ಆತು ಕೂತಳು.

ಅರ್ಜಿಯ ವಿಚಾರಣೆಗೆ ಅಧಿಕಾರಿಗಳು ಬಂದದ್ದು ದಸರೆಯ ಹಿಂದಿನ ವಾರ. ಸೂಪರ್‌ವೈಜರ್ ಬಾಯಿ, ಜೊತೆಗೊಬ್ಬ ಸಾಹೇಬ. ಚಾವಡಿಯ ಮುಂದೆ ಕುರ್ಚಿ ಹಾಕಿದರು. ಮೇಲಿನ ಓಣಿಯವರು ಒಂದು ಕಡೆ, ಕೆಳಗಿನವರು ಒಂದು ಕಡೆ ನಿಂತರು. ದೇವೀಂದ್ರಪ್ಪ ಮುಂದೆಯೇ ಇದ್ದ. ಹಿಂದಿನ ಸಂಜೆ ಅವನು ಕಸ್ತೂರಿಯ ಮನೆಗೆ ಬಂದು ಹೇಳಿ ಹೋಗಿದ್ದ: "ಹಾಕೇ ಇಲ್ಲ ಅನ್ನು. ಮಾಣಿಕಮ್ಮ ಸಾಕ್ಷಿ ಹೇಳ್ತಾಳ. ಮುದುಕಿ ಸುಳ್ಳು ಅರ್ಜಿ ಹಾಕ್ಯಾಳ ಅಂತ ನಾವೆಲ್ಲ ಹೇಳ್ತೀವಿ."

ಸಾಹೇಬ ಕೇಳಿದ: "ಕೂಸಿಗೆ ಖೋಲಿ ಒಳಗ ಹಾಕಿದ್ದು ಹೌದೇನು?"

"ಹೌದ್ರಿ," ಅಂದಳು ಕಸ್ತೂರಿ. "ಹಾಕಿದ್ದೆ. ತಪ್ಪಾಗೇದ."

ಕೆಳಗಿನ ಓಣಿಯವರ ಕಡೆಯಿಂದ ಗುಜುಗುಜು ಎದ್ದಿತು. ಉಮಾಬಾಯಿ ಕೈ ಎತ್ತಿದಳು. "ಕೇಳಿದ್ರಿಲ್ಲ ಸಾಹೇಬ್ರ! ಆಕಿನ ಬಾಯಿಂದನ ಕೇಳಿದ್ರಿಲ್ಲ! ಇವತ್ತೇ ತೆಗದು ಹಾಕ್ರಿ."

ಆಗ ಪ್ರಮಿಲಾ ಮುಂದೆ ಬಂದಳು. ತಲೆಯ ಮೇಲೆ ಸೆರಗಿತ್ತು. "ಆಕಿ ಮಾಡಿದ್ದು ತಪ್ಪು. ನಾ ಮಾಫ್ ಮಾಡಿಲ್ಲ. ಆದರ ನನ್ನ ಮಗ ಇಲ್ಲೇ ಬರ್ತಾನ, ಈಕಿ ಕಡೇನ ಬರ್ತಾನ. ಮೂರು ವಾರ ಇಲ್ಲೇ ಕೂತು ನಾನ ನೋಡೇನಿ."

"ಸುಮ್ಮನಿರು!" ಅಂದಳು ಉಮಾಬಾಯಿ.

"ಇರಂಗಿಲ್ಲ," ಅಂದಳು ಸೊಸೆ.

ಕಸ್ತೂರಿಯ ಕೆಲಸ ಉಳಿಯಿತು. ಲಿಖಿತ ಎಚ್ಚರಿಕೆ ಬಂತು. ಇನ್ನೊಂದು ದೂರು ಬಂದರೆ ತೆಗೆದುಹಾಕುವುದಾಗಿ ಅದರಲ್ಲಿತ್ತು. ಉಮಾಬಾಯಿ ಅವತ್ತಿನಿಂದ ಸೊಸೆಯೊಡನೆ ಮಾತು ಬಿಟ್ಟಳು.

ಸಾಹೇಬರು ಹೋದ ಮೇಲೆ ದೇವೀಂದ್ರಪ್ಪ ಚಾವಡಿಯ ಮೆಟ್ಟಿಲಲ್ಲಿ ಕಸ್ತೂರಿಯನ್ನು ತಡೆದ.

"ಊರ ಮುಂದ ನಮ್ಮ ತಲಿ ತಗ್ಗಿಸಿದಿ. ನನ್ನ ಮಗಳ ಗಲ್ಲ ಹರದವನಿಗೆ ಒಳಗ ಹಾಕಿದ್ದು ತಪ್ಪು ಅಂತೀ. ಅವರು ನಮಗ ಮಾಡಿದ್ದಕ್ಕ ಯಾರರ ಒಬ್ಬರು ತಪ್ಪಾತು ಅಂದಾರೇನು?"

"ಇಲ್ಲ."

"ಮತ್ತ?"

"ಅಂವ ಮೂರು ವರ್ಷದವ ಅಣ್ಣಾ."

"ಮೂರು ವರ್ಷದವ ನಾಳಿ ಮೂವತ್ತರವ ಆಗ್ತಾನ. ಆವಾಗ?"

"ಅದಕ್ಕೇ," ಅಂದಳು ಕಸ್ತೂರಿ.

ಅವನು ಮೆಟ್ಟಿಲ ಬದಿಗೆ ಉಗುಳಿ ಹೋದ. ಮಲ್ಕಿಯನ್ನು ಹದಿನೈದು ದಿನ ಕಳಿಸಲಿಲ್ಲ. ಆಮೇಲೆ ಅವಳು ಮನೆಯಲ್ಲಿ ಹಟ ಮಾಡಿ ತಾನೇ ಬಂದಳು. ದೇವೀಂದ್ರಪ್ಪ ಮಾತ್ರ ಎಷ್ಟೋ ದಿನ ಕಸ್ತೂರಿಗೆ ತಂಗಿ ಅನ್ನಲಿಲ್ಲ. ವಾಮನ ದೀಪಾವಳಿಯ ಮುಂದೆ ಇನ್ನೊಮ್ಮೆ ಒಬ್ಬ ಹುಡುಗನ ತೋಳು ಕಚ್ಚಿದ. ಕಚ್ಚಿ ತಾನೇ ಹೆದರಿ ಕಸ್ತೂರಿಯ ಬಳಿಗೆ ಓಡಿ ಬಂದ. ಆ ಹುಡುಗನ ತಾಯಿ ಬಂದು ಬಾಗಿಲಲ್ಲಿ ನಿಂತು ಇಬ್ಬರನ್ನೂ ಬೈದು ಹೋದಳು.

ತಿಂಗಳಿಗೊಮ್ಮೆ ಎಳೆಮಕ್ಕಳ ತೂಕ ನೋಡುವುದು ಕಸ್ತೂರಿಯ ಕೆಲಸ. ತೂಗುವ ಜೋಳಿಗೆ ಹೆಗಲಿಗೆ ಹಾಕಿಕೊಂಡು ಅವಳು ಕುಲಕರ್ಣಿಯವರ ಗೇಟಿಗೂ ಹೋಗುತ್ತಿದ್ದಳು. ಅವಳನ್ನು ಕಂಡರೆ ಉಮಾಬಾಯಿ ಒಳಗೆ ಹೋಗಿ ಬಾಗಿಲು ಮುಚ್ಚುತ್ತಿದ್ದಳು. ಪ್ರಮಿಲಾ ಹಿತ್ತಲ ಕಡೆಯಿಂದ ಸುತ್ತಿ ಬಂದು ಕೂಸನ್ನು ಜೋಳಿಗೆಯಲ್ಲಿ ಮಲಗಿಸುತ್ತಿದ್ದಳು.

"ಎಷ್ಟು?"

"ಐದೂವರೆ ಕಿಲೋ."

ಪ್ರಮಿಲಾ ಕೂಸನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹೋಗುತ್ತಿದ್ದಳು. ಕಸ್ತೂರಿ ತೂಕವನ್ನು ಕಾರ್ಡಿನಲ್ಲಿ ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು.